ಬೋರಮ್ಮನ ಮಂಡಿಗೆ ಚಿನ್ನದ ಬಣ್ಣದ ಲೇಪ

ಹೊಂಗನೂರಿನ ರಾಮಲಿಂಗಯ್ಯ ಬಿಡದಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು. ದೇಹದೊಳಗೆ ಕೂರಿಸುವ ಲೋಹದ ಮಂಡಿ ಕೀಲುಗಳಿಗೆ ಅಲ್ಲಿ ಕೋಟಿಂಗ್, ಅಂದರೆ ತೆಳು ಲೇಪ, ಕೊಡುತ್ತಿದ್ದರು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಟೈಟಾನಿಯಂ ಆವಿಯಾಗಿ, ನೈಟ್ರೋಜನ್ ಜೊತೆ ಬೆರೆತು, ಕೀಲಿನ ಮೇಲೆ ಚಿನ್ನದ ಬಣ್ಣಕ್ಕೆ ಕೂರುತ್ತಿತ್ತು. ಕೂದಲಿಗಿಂತ ಎಷ್ಟೋ ತೆಳುವು, ಆದರೆ ಉಕ್ಕಿಗಿಂತ ಗಟ್ಟಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂದಿಲ್ಲದೆ ನಿಂತ ಕಂಬಗಳ ಹಾಗೆ ಕಾಣುತ್ತಿತ್ತು. ಒಳಗಿನ ಲೋಹ ಮೈಗೆ ಇಳಿಯದಂತೆ ಅದು ತಡೆಯಬೇಕು.

ಅವನ ತಾಯಿ ಬೋರಮ್ಮನಿಗೆ ಬೇಕಾಗಿದ್ದದ್ದೂ ಅದೇ. ಮೊದಲು ಹಾಕಿದ್ದ ಬರಿಯ ಲೋಹದ ಕೀಲು ಮೈಗೆ ಒಗ್ಗಲಿಲ್ಲ. ಮಂಡಿ ಊದಿಕೊಂಡು, ಚರ್ಮ ಕೆರೆದು ಹುಣ್ಣಾಯಿತು. ಅದನ್ನು ತೆಗೆದು ಲೇಪ ಕೊಟ್ಟದ್ದನ್ನು ಹಾಕಬೇಕೆಂದರು ಡಾಕ್ಟರು. ಆ ಹೊಸ ಕೀಲು ಲೇಪಕ್ಕೆಂದು ರಾಮಲಿಂಗಯ್ಯನ ಕಾರ್ಖಾನೆಗೇ ಬಂತು. ಹಗಲು ಪಾಳಿ, ಬಸ್ಸು, ಮನೆಗೆ ಬಂದರೆ ಅವ್ವನನ್ನು ಎತ್ತಿ ಕೂರಿಸುವುದು. ಅವನಿಗೂ ಅವನ ಹೆಂಡತಿ ಅಂಬುಜಮ್ಮನಿಗೂ ಆಯಾಸದಲ್ಲಿ ಮಾತೇ ಕಡಿಮೆಯಾಗಿತ್ತು.

ಕೀಲುಗಳು ಪೆಟ್ಟಿಗೆಯಿಂದ ಹೊರಬಂದ ದಿನ, ಅವುಗಳ ಜೊತೆಗೇ ಲೇಪ ಕೊಟ್ಟಿದ್ದ ಪರೀಕ್ಷೆಯ ಲೋಹದ ಬಿಲ್ಲೆಯ ಮೇಲೆ ವಜ್ರದ ಮೊನೆ ಎಳೆದರು. ಗೀರಿನ ಅಂಚಿನಲ್ಲಿ ಲೇಪ ಚಕ್ಕೆಚಕ್ಕೆಯಾಗಿ ಎದ್ದಿತು. ಕೀಲುಗಳು ಮಾತ್ರ ನುಣ್ಣಗೆ ಹೊಳೆಯುತ್ತಿದ್ದವು. ಆಸ್ಪತ್ರೆಯ ಫೋನುಗಳಿಗೆ ಉತ್ತರ ಹೇಳಿ ಸೋತಿದ್ದ ಮೇಲ್ವಿಚಾರಕ ನಜೀರ್ ಕುರ್ಚಿ ಎಳೆದು ಕೂತ.

"ಕಣ್ಣಿಗೆ ಚೆನ್ನಾಗೇ ಕಾಣ್ತವೆ ಕಣಣ್ಣ. ನಿಮ್ಮವ್ವಂದೂ ಇದ್ರಲ್ಲೇ ಐತೆ. ಕಳಿಸೋದಾ ಬ್ಯಾಡ್ವಾ, ನೀವೇ ಹೇಳಿ."

ಹೋಗಲಿ ಬಿಡು ಅನ್ನುವ ಮಾತು ರಾಮಲಿಂಗಯ್ಯನ ಬಾಯಿಗೆ ಬಂದಿತ್ತು. ಕಳಿಸಿಬಿಟ್ಟರೆ ಅವ್ವನ ನರಳಾಟ ಆ ವಾರವೇ ಮುಗಿಯುತ್ತಿತ್ತು. ಆದರೆ ಒಳಗೆ ಹೋದ ಮೇಲೆ ಎದ್ದ ಚಕ್ಕೆಯನ್ನು ಯಾರು ತೆಗೆದಾರು? 

"ಬ್ಯಾಡ. ಎಲ್ಲಾನೂ ಕಿತ್ತು ಇನ್ನೊಂದ್ಸಲ ಹಾಕವ" ಎಂದ.

ನಜೀರ್ ವಾದಿಸಲಿಲ್ಲ. ತಾನೇ ಆಸ್ಪತ್ರೆಗೆ ಫೋನ್ ಮಾಡಿ ತಡವಾಗುತ್ತದೆಂದು ತಿಳಿಸಿದ. ಲೇಪ ಎದ್ದದ್ದೇಕೆಂದು ಹುಡುಕಿದಾಗ, ಕೀಲು ತೊಳೆಯುವ ತೊಟ್ಟಿಯ ನೀರಿನಲ್ಲಿ ಎಣ್ಣೆಯ ಪಸೆ ಸೇರಿದ್ದು ಗೊತ್ತಾಯಿತು.

ಮನೆಯಲ್ಲಿ ಹೇಳುವುದೇ ಕಷ್ಟವಾಯಿತು. ಬೋರಮ್ಮ ಪೂರ್ತಿ ಕೇಳಿಸಿಕೊಂಡಳು.

"ಇನ್ನೂ ಒಸಿ ದಿನ ಅಂತೀಯ. ನಿಂಗೇನ್ಲಾ, ನಿಂತ್ಕಂಡು ಹೇಳ್ತೀಯ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. 

ಹಳೆಯ ಲೇಪ ಕರಗಿಸಿ, ಉಜ್ಜಿ, ಹೊಸ ನೀರಿನಲ್ಲಿ ತೊಳೆದು, ಮತ್ತೆ ಲೇಪ ಕೂರಿಸಿದರು. ಈ ಸಲ ಗೀರಿನ ಅಂಚು ಮುಕ್ಕಾಗಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಆಪರೇಷನ್ ಆಯಿತು. ಕೆರೆತ ನಿಂತಿತು, ಊತ ಇಳಿಯಿತು. ಆದರೆ ಅಷ್ಟು ದಿನ ಮಲಗಿದ್ದ ಕಾಲಿನಲ್ಲಿ ಬಲ ಉಳಿದಿರಲಿಲ್ಲ. ಮಂಡಿ ಹಿಂದಿನಂತೆ ಮಡಚಲು ಬರಲಿಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕೆಲಸವನ್ನು ಅವಳು ಸೊಸೆಗೆ ಬಿಟ್ಟುಕೊಟ್ಟಳು. ಕಾಯಿಸಿದ್ದಕ್ಕೆ ಮಗನನ್ನು ಮತ್ತೆ ಬೈಯಲಿಲ್ಲ, ಮೆಚ್ಚಲೂ ಇಲ್ಲ.

ರಜೆಯ ದಿನ ರಾಮಲಿಂಗಯ್ಯ ಅವಳನ್ನು ಕೋಲಿನ ಆಸರೆಯಲ್ಲಿ ಬೀದಿಯಲ್ಲಿ ನಡೆಸುತ್ತಿದ್ದ. ಅರ್ಧ ದಾರಿಗೆ ಅವಳು ಯಾರದೋ ಜಗಲಿ ಹಿಡಿದು ನಿಂತಳು.

"ಸಾಕು ಕಣಪ್ಪ ಇವತ್ಗೆ. ನೀನೂ ಕೂತ್ಕೊ" ಎಂದಳು.

ಅವನು ಕೂತ.