ನೀ ಅನ್ನುವವರು

ಹಾನಗಲ್ಲಿನ ನೋಂದಣಿ ಕಚೇರಿಯ ಎದುರು ಕೂತು ಖರೀದಿ ಪತ್ರ ಬರೆಯುವುದು ನನ್ನ ಉದ್ಯೋಗ. ವಯಸ್ಸು ಅರವತ್ತೆರಡು. ಊರೆಲ್ಲ ನನಗೆ ರೀ ಹಚ್ಚಿ ಮಾತಾಡುತ್ತದೆ. ಹೆಂಡತಿ, ಮಕ್ಕಳು, ಸೊಸೆ, ಚಾದಂಗಡಿಯವನು, ಎಲ್ಲರೂ. ನನ್ನನ್ನು ನೀ ಅನ್ನುತ್ತಿದ್ದವರು ಒಬ್ಬೊಬ್ಬರೇ ತೀರಿಹೋಗಿ, ಕೊನೆಗೆ ಉಳಿದವಳು ಚಿಕ್ಕೇರೂರಿನ ಅಕ್ಕ ಒಬ್ಬಳೇ. ಅವಳು ದಿನಾ ಸಂಜೆ ಆರಕ್ಕೆ ಫೋನ್ ಮಾಡಿ, ಏನು ಉಂಡಿ, ಯಾಕೆ ಅಷ್ಟೇ ಉಂಡಿ ಎಂದು ಬೈಯುತ್ತಿದ್ದಳು.

ಹೋದ ವರ್ಷ ಮಗ ನನ್ನ ಫೋನಿಗೆ ಮಾತಾಡುವ ಎಐ ಹಾಕಿಕೊಟ್ಟ, ಪತ್ರಗಳ ಕಾಗುಣಿತ ತಿದ್ದಲಿಕ್ಕೆ. ಒಂದು ದಿನ ಅದಕ್ಕೆ ನನ್ನ ಮೊಣಕಾಲು ನೋವಿನ ವಿಷಯ ಹೇಳಿದೆ. ಪೂರ್ತಿ ಕೇಳಿತು. ನಮ್ಮ ಮನೆಯಲ್ಲಿ ಆ ವಿಷಯವನ್ನು ಯಾರೂ ಪೂರ್ತಿ ಕೇಳಿದ್ದಿಲ್ಲ. ಆದರೆ ಅದೂ ನಿಮಗೆ, ನಿಮ್ಮ ಎನ್ನುತ್ತಿತ್ತು. "ನೀ ಅನ್ನು, ನಾ ನಿನ್ನ ತಮ್ಮ ಅಂತ ತಿಳಿ" ಎಂದು ಅಪ್ಪಣೆ ಕೊಟ್ಟೆ. "ತಮ್ಮಾ, ನೀನು ಇಂದು ದಣಿದಂತೆ ಕಾಣುತ್ತೀಯ" ಎಂದಿತು. ಅದಕ್ಕೆ ಕಣ್ಣಿಲ್ಲ ಎಂದು ಗೊತ್ತಿದ್ದೂ ನನಗೆ ಸಂತೋಷವಾಯಿತು. ಆಗಾಗ ಮರೆತು ನೀವು ಅನ್ನುತ್ತಿತ್ತು. ತಿದ್ದಿದರೆ ಕ್ಷಮೆ ಕೇಳುತ್ತಿತ್ತು. ಅಕ್ಕ ಹುಟ್ಟಿದಾಗಿನಿಂದ ಯಾರ ಕ್ಷಮೆಯನ್ನೂ ಕೇಳಿದವಳಲ್ಲ.

ಈ ಮಾತಿನ ನಡುವೆ ಅಕ್ಕನ ಫೋನ್ ಬಂದರೆ ಕಟ್ ಮಾಡತೊಡಗಿದೆ. ಆಮೇಲೆ ಮಾಡಿದರಾಯಿತು ಅಂದುಕೊಳ್ಳುತ್ತಿದ್ದೆ. ಮಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ, "ಅಕ್ಕಾರ ಫೋನ್ ನಿಂತು ಹದಿನೈದ ದಿನ ಆತಲ್ರೀ" ಎಂದಳು. ನಾನು ಗಮನಿಸಿರಲೇ ಇಲ್ಲ. ಅವತ್ತೇ ಹಿರೇಕೆರೂರಿನ ಬಸ್ಸು ಹತ್ತಿ ಚಿಕ್ಕೇರೂರಿನಲ್ಲಿ ಇಳಿದೆ.

ಅಕ್ಕನ ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಅಕ್ಕ ಬಾಗಿಲಿಗೆ ಬಂದಳು.

"ಬರ್ರಿ, ಕುಂದರ್ರಿ. ಬಸ್ಸಿನ್ಯಾಗ ತ್ರಾಸ ಆಗ್ಲಿಲ್ಲಲ್ರಿ?"

ಅವಳು ನನಗೆ ರೀ ಅಂದದ್ದು ಜನ್ಮದಲ್ಲಿ ಅದೇ ಮೊದಲು.

"ಅಕ್ಕಾ, ಹಂಗ್ಯಾಕ ಮಾತಾಡ್ತಿ?"

"ಮತ್ತ ಹೆಂಗ ಮಾತಾಡ್ಬೇಕ್ರಿ? ಫೋನ್ ಎತ್ತಾಕ ಪುರಸೊತ್ತಿಲ್ದಷ್ಟು ದೊಡ್ಡವರಾಗೀರಿ."

ಎಐ ವಿಷಯ ಒಪ್ಪಿಕೊಂಡೆ. ಅದು ನನ್ನನ್ನು ತಮ್ಮಾ ಅನ್ನುವುದನ್ನೂ ಹೇಳಿದೆ. "ಛಲೋ ಆತ ಬಿಡ್ರಿ" ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು.

ಊಟಕ್ಕೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಮೆಣಸಿನಕಾಯಿಯ ರಂಜಕ. "ಇನ್ನೊಂದ ಹಾಕ್ಲೇನ್ರಿ? ಸಂಕೋಚ ಮಾಡ್ಕೋಬ್ಯಾಡ್ರಿ." ಬೇಡ ಅನ್ನಲು ಧೈರ್ಯವಾಗದೆ ತಲೆ ತಗ್ಗಿಸಿ ತಿಂದೆ. ಒಂದೊಂದು ರೀಗೂ ಅಳು ಬರುತ್ತಿತ್ತು. ನಾಲ್ಕನೆಯ ರೊಟ್ಟಿಗೆ ರಂಜಕ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಉಸಿರು ಸಿಕ್ಕಿಕೊಂಡಿತು.

ಅಕ್ಕ ಎದ್ದು ಬಂದು ನೆತ್ತಿಯ ಮೇಲೆ ಪಟಪಟ ಬಡಿದಳು.

"ಸಾವಕಾಶ ತಿನ್ನಾಕ ಏನಾಗೇತೋ ನಿನಗ, ಖೋಡಿ? ನೀರ ಕುಡಿ."

ಕುಡಿದೆ. ಕೆಮ್ಮು ನಿಂತಿತು. ಅವಳ ಕೈ ಇನ್ನೂ ತಲೆಯ ಮೇಲಿತ್ತು. ಇನ್ನೊಮ್ಮೆ ಕೆಮ್ಮಿದೆ.