ಬೆರಳಿಗೆ ಊರು ಕಟ್ಟಿಕೊಡುವ ಸೂಗಮ್ಮ

ಬೆಳಗಿನ ಆರು ಗಂಟೆ. ಹೈದರಾಬಾದಿನ ಸುಲ್ತಾನ್ ಬಜಾರಿನ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಲೇಸು, ಗುಂಡಿ ಮಾರುವ ಅಂಗಡಿಯೊಂದರ ಮಾಳಿಗೆಯ ಮೇಲೆ ಸೂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ತೆಲಂಗಾಣವನ್ನು ಬಿಸಿಲಿಗೆ ಎಳೆಯುತ್ತಿದ್ದಾರೆ. "ರೀ, ಆ ಕಡಿ ಹಿಡೀರಿ. ಗೋದಾವರಿ ಇನ್ನೂ ಹಸಿ ಐತಿ, ಬೆರಳು ಹಚ್ಚಬ್ಯಾಡ್ರಿ ಮತ್ತ!" ಎಂದು ಗಂಡನಿಗೆ ತಾಕೀತು. ಹಲಗೆಯ ಇನ್ನೊಂದು ತುದಿ ಹಿಡಿದ ಅಮೃತಪ್ಪನವರು, "ಈಕಿನ್ನ ಲಗ್ನ ಆದ ತಪ್ಪಿಗೆ ಗುಡ್ಡಾನೂ ಹೊರಬೇಕು, ಹೊಳೀನೂ ಹೊರಬೇಕು ನೋಡ್ರಿ" ಎಂದು ಗೊಣಗುತ್ತಾರೆ. ಗೊಣಗುವಾಗಲೂ ಮುಖದ ತುಂಬ ನಗು.

ಸೂಗಮ್ಮ ಮಾಡುವುದು ನಕ್ಷೆ. ಗೋಡೆಗೆ ನೇತುಹಾಕಿ ನೋಡುವ ನಕ್ಷೆಯಲ್ಲ, ಕಣ್ಣು ಕಾಣದ ಮಕ್ಕಳು ಬೆರಳಾಡಿಸಿ ಓದುವ ನಕ್ಷೆ. ಗುಡ್ಡ ಇದ್ದಲ್ಲಿ ಉಬ್ಬು, ನದಿ ಇದ್ದಲ್ಲಿ ಸುತಳಿ, ಊರು ಇದ್ದಲ್ಲಿ ಗುಂಡಿ. ಗುಂಡಿಗಳು ಕೆಳಗಿನ ಅಂಗಡಿಯವು. ಜೊತೆ ತಪ್ಪಿದವನ್ನೆಲ್ಲ ಅಂಗಡಿಯವರು ಡಬ್ಬಿಯಲ್ಲಿ ಕೂಡಿಟ್ಟು ಇವರಿಗೆ ಕೊಡುತ್ತಾರೆ. ಸಮುದ್ರ ಮಾತ್ರ ನುಣ್ಣಗೆ, ಬೆರಳು ಜಾರುವಷ್ಟು ನುಣ್ಣಗೆ ಇರಬೇಕು. ಅದನ್ನು ಬಾಟಲಿಯ ತಳದಿಂದ ಉಜ್ಜಿ ಉಜ್ಜಿ ತರುವ ಕೆಲಸ ಅಮೃತಪ್ಪನವರದು.

ಒಂದು ನಕ್ಷೆಗೆ ನಾಲ್ಕು ಕಿಲೋ ಹಳೆಯ ಪೇಪರು, ಕಾಲು ಕಿಲೋ ಮೆಂತ್ಯ. ಎರಡನ್ನೂ ನೆನೆಸಿ, ರುಬ್ಬಿ, ಹದ ಮಾಡಿ ಹಲಗೆಗೆ ಮೆತ್ತಬೇಕು. ಈ ವಿದ್ಯೆ ಯಾದಗಿರಿ ಕಡೆಯ ಇವರ ತವರಿನದು. ತಾಯಿ ಬಿದಿರಿನ ಮೊರಕ್ಕೆ, ಬುಟ್ಟಿಗೆ ಇದೇ ಮೆಂತ್ಯದ ಹಿಟ್ಟು ಬಳಿಯುತ್ತಿದ್ದರಂತೆ. ಮದುವೆಯಾಗಿ ಹೈದರಾಬಾದಿಗೆ ಬಂದಾಗ ಅಮೃತಪ್ಪನವರಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಅಂಧರ ಶಾಲೆಯ ಭೂಗೋಳದ ಮೇಷ್ಟ್ರೊಬ್ಬರು ಅಲ್ಲಿಗೆ ಗಿರಾಕಿ. ಒಮ್ಮೆ ಅವರ ಕೈಯಲ್ಲಿ ಮುರಿದ ಕಟ್ಟಿಗೆಯ ನಕ್ಷೆ ಇತ್ತು. ಅಮೃತಪ್ಪನವರು ಅದನ್ನು ಮನೆಗೆ ತಂದರು, ಸೂಗಮ್ಮ ಮೆಂತ್ಯದ ಹಿಟ್ಟಿನಿಂದ ಜೋಡಿಸಿಕೊಟ್ಟರು. ಮುಂದಿನ ತಿಂಗಳು ಮೇಷ್ಟ್ರು ಬಂದು, ಹೊಸದೇ ಒಂದು ಮಾಡಿಕೊಡಿ ಅಂದರು. ಇವತ್ತಿಗೆ ಮೂವತ್ತೊಂದು ವರ್ಷ, ಒಂಬೈನೂರಕ್ಕೂ ಹೆಚ್ಚು ನಕ್ಷೆ. ಒಂದರ ಮೇಲೂ ಇವರ ಹೆಸರಿಲ್ಲ.

ಕಷ್ಟ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ನಕ್ಷೆ ಒಣಗುವುದಿಲ್ಲ. ಒಂದು ವರ್ಷ ಇಡೀ ಕರ್ನಾಟಕಕ್ಕೆ ಬೂಸ್ಟು ಹಿಡಿದಿತ್ತು. ಇಲಿಗಳ ಕಾಟ ಬೇರೆ. ಕೈ ಯಾವಾಗಲೂ ಬಿರುಕು. ಆದರೂ ಮುಗಿದ ಪ್ರತಿಯೊಂದು ನಕ್ಷೆಯನ್ನೂ ಸೂಗಮ್ಮ ಕಣ್ಣು ಮುಚ್ಚಿಕೊಂಡು ತಾವೇ ಒಮ್ಮೆ ಓದುತ್ತಾರೆ. "ಕಣ್ಣಿದ್ದೋರಿಗಾದ್ರ ತಪ್ಪನ್ನ ಬಣ್ಣದಾಗ ಮುಚ್ಚಿಬಿಡಬಹುದ್ರಿ. ಬೆರಳಿಗೆ ಮುಚ್ಚಾಕ ಬರಂಗಿಲ್ಲ" ಅನ್ನುತ್ತಾರೆ. ತಪ್ಪಾಗಿದೆ ಅಂತ ಒಂದು ನಕ್ಷೆಯೂ ವಾಪಸು ಬಂದಿರಲಿಲ್ಲ. ಆ ಹೆಮ್ಮೆ ಕಳೆದ ಚಳಿಗಾಲದವರೆಗೆ ಭದ್ರವಾಗಿತ್ತು!

ಆಗ ಬಂದವರು ಮರಿಸೆಲ್. ಫಿಲಿಪೈನ್ಸಿನ ಹೆಣ್ಣುಮಗಳು, ನಗರದ ಅಂಚಿನ ಮಣಿಕೊಂಡದ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು. ಅಂಧರ ಶಾಲೆಯಲ್ಲಿ ನಕ್ಷೆ ಕಂಡು, ವಿಳಾಸ ಕೇಳಿಕೊಂಡು ಮಾಳಿಗೆ ಹತ್ತಿ ಬಂದಿದ್ದರು. ತಾಯಿ ತೆರೆಸಿತಾಗೆ ಎಪ್ಪತ್ನಾಲ್ಕು. ಮೂರು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಗಿದೆ. ಮಗಳ ಮನೆಗೆ ಬಂದು ಎಂಟು ತಿಂಗಳಾದರೂ ಕುರ್ಚಿ ಬಿಟ್ಟು ತಾನಾಗಿ ಎದ್ದಿಲ್ಲ. ಕಾಲು ಗಟ್ಟಿಯಾಗಿಯೇ ಇದೆ ಅಂತ ಡಾಕ್ಟರೂ ಹೇಳಿಯಾಗಿದೆ. "ಎಲ್ಲಿದ್ದೇನೆ ಅಂತಲೇ ಗೊತ್ತಿಲ್ಲದವಳು ಎಲ್ಲಿಗೆ ನಡೆಯಲಿ ಅಂತಾಳೆ ನಮ್ಮಮ್ಮ. ಅವಳ ಊರನ್ನಾದರೂ ಅವಳ ಕೈಗೆ ಕೊಡಿ" ಎಂದು ಮರಿಸೆಲ್ ತಮಗೆ ಬಂದಷ್ಟು ಹಿಂದಿಯಲ್ಲಿ ಕೇಳಿದರು. ಸೂಗಮ್ಮ ಆಗಲೇ ಒಪ್ಪಿಕೊಂಡರು.

ಊರ ಹೆಸರು ಪಂತಾಲನ್. ದೋಣಿಕಟ್ಟೆ ಅಂತ ಅರ್ಥವಂತೆ. ಮೊಬೈಲಿನಲ್ಲಿ ನೋಡಿದರೆ ಕಾಣುವುದು ಇವತ್ತಿನ ಊರು, ಹೊಸ ರಸ್ತೆ, ಸಿಮೆಂಟಿನ ಕಟ್ಟೆ. ತೆರೆಸಿತಾಗೆ ಬೇಕಿದ್ದದ್ದು ಅವರ ಹುಡುಗಿಪ್ರಾಯದ ಊರು. ಅದಕ್ಕೇ ತಾಯಿ ಹೇಳಿದಂತೆ ಮಗಳು ದೊಡ್ಡದೊಂದು ಹಾಳೆಯಲ್ಲಿ ಚಿತ್ರ ಬರೆದು ತಂದಿದ್ದರು. ಒಂದಕ್ಷರವಿಲ್ಲ, ಬರೀ ಗೆರೆ. ಕಥೆ ಬಾಯಲ್ಲಿ ಹೇಳಿದರು. ಮೊದಲ ಊರು ನದಿ ಸಮುದ್ರ ಸೇರುವಲ್ಲೇ ಇತ್ತು. ಹಡಗಿನಲ್ಲಿ ಬಂದ ದರೋಡೆಕೋರರು ಅದನ್ನು ಸುಟ್ಟರು. ಜನ ಗುಡ್ಡದ ಹಿಂದಕ್ಕೆ ಹೋಗಿ ನೂರು ವರ್ಷ ಅಡಗಿ ಬಾಳಿದರು. ಆಮೇಲೆ ಹವಳದ ಕಲ್ಲಿನ ಚರ್ಚು, ಅದಕ್ಕೊಂದು ಗೋಪುರ ಎದ್ದವು; ದೂರದಲ್ಲಿ ಹಡಗಿನ ಹಾಯಿ ಕಂಡರೆ ಅಲ್ಲಿಂದ ಗಂಟೆ ಬಾರಿಸುತ್ತಿದ್ದರು. ಕೊಬ್ಬರಿ ವ್ಯಾಪಾರ ಕುದುರಿ ಮರದ ದೋಣಿಕಟ್ಟೆ ಕಟ್ಟಿದ ಮೇಲೆ ಊರು ಮತ್ತೆ ದಂಡೆಗೆ ಇಳಿಯಿತು.

"ಎವ್ವಾ! ನಮ್ಮ ಕಡೀಗೂ ದಂಡು ಬಂತಂದ್ರ ಮಂದಿ ಗುಡ್ಡಾ ಏರತಿದ್ರಂತ. ಎಲ್ಲಾ ಕಡೀನೂ ಅದ ಹಣೇಬರಾ" ಎಂದು ಸೂಗಮ್ಮ ಕೆಲಸಕ್ಕೆ ಕೂತರು. ಸಮುದ್ರ ಕಂಡವರಲ್ಲ, ದೋಣಿಕಟ್ಟೆ ಹೇಗಿರುತ್ತದೆಂದು ಮೊಬೈಲಿನಲ್ಲಿ ನೋಡಿ ಬೆಂಕಿಕಡ್ಡಿ ಜೋಡಿಸಿದರು. ತೆಂಗಿನ ತೋಟಕ್ಕೆ ಹಳೆಯ ಬ್ರಷ್ಷಿನ ಎಳೆ ನೆಟ್ಟರು. ಚರ್ಚಿನ ಗೋಪುರವನ್ನು ಮೂರು ಸಲ ಕೆಡವಿ ಕಟ್ಟಿದರು.

ಒಂದೇ ಒಂದು ವಿಷಯ ಅವರಿಗೆ ಸರಿಬರಲಿಲ್ಲ. ಹಾಳೆಯಲ್ಲಿ ಗುಡ್ಡ ಬಲಕ್ಕೆ, ಸಮುದ್ರ ಎಡಕ್ಕೆ. ನದಿ ಬಲದಿಂದ ಎಡಕ್ಕೆ ಹರಿದಿತ್ತು. ಭೀಮಾ, ಕೃಷ್ಣಾ, ಗೋದಾವರಿ, ಮೂಸಿ, ಮೂವತ್ತೊಂದು ವರ್ಷ ಇವರ ಕೈಯಲ್ಲಿ ಹರಿದ ದೊಡ್ಡ ನದಿಗಳೆಲ್ಲ ಹೆಚ್ಚುಕಡಿಮೆ ಎಡದಿಂದ ಬಲಕ್ಕೇ ಹೋದವು. "ಪಾಪ, ಆ ಹುಡುಗಿ ಹಾಳಿ ತಿರುವಿ ಹಿಡದು ಬರದಾಳ" ಅಂದುಕೊಂಡ ಸೂಗಮ್ಮ ಹಾಳೆಯ ಮೇಲಿನ ತುದಿಯನ್ನು ಕೆಳಗೆ ಮಾಡಿ, ಹಾಗೇ ನಕ್ಷೆ ಕಟ್ಟಿಬಿಟ್ಟರು. ಮರಿಸೆಲ್ ಅವರನ್ನು ಒಂದು ಮಾತು ಕೇಳಬೇಡವೇ? ಕೇಳಲಿಲ್ಲ.

ಗಂಡ ಹೆಂಡತಿ ನಕ್ಷೆ ಹೊತ್ತು ಮಣಿಕೊಂಡ ತಲುಪಿದ್ದು ಒಂದು ಭಾನುವಾರ ಬೆಳಿಗ್ಗೆ. ಮರಿಸೆಲ್ ಚಹಾ ಮಾಡಲು ಒಳಗೆ ಹೋದರು. ಸೂಗಮ್ಮ ಹಲಗೆಯನ್ನು ಊಟದ ಮೇಜಿನ ಮೇಲೆ ತಮ್ಮ ಲೆಕ್ಕದ ಪ್ರಕಾರ ನೇರ ಮಾಡಿ, ಮೇಜಿನ ಮುಂದೆ ಕುರ್ಚಿಯಲ್ಲಿದ್ದ ತೆರೆಸಿತಾರ ಕೈ ಹಿಡಿದು ಅದರ ಮೇಲಿಟ್ಟರು. ಮುದುಕಿಯ ಎಡಗೈ ಸಮುದ್ರ ಹುಡುಕಿಕೊಂಡು ಹೊರಟು ಸೀದಾ ಗುಡ್ಡಕ್ಕೆ ಬಡಿಯಿತು. ಹಿಂದಕ್ಕೆ ಬಂತು, ಮತ್ತೆ ಹೋಯಿತು, ಮತ್ತೆ ಗುಡ್ಡವೇ. ಆಕೆಯ ಮುಖ ಸಣ್ಣದಾಯಿತು.

"ಜೀವಾ ಬಾಯಿಗೆ ಬಂತ್ರಿ ನಂದು. ಇಷ್ಟು ವರ್ಷದ ಕೆಲಸ ಮಣ್ಣಪಾಲಾತು, ಮುದುಕಿ ಆಸೀನೂ ಮಣ್ಣಪಾಲಾತು ಅನಿಸ್ತು" ಎಂದು ಸೂಗಮ್ಮ ಈಗ ಎದೆ ಮುಟ್ಟಿಕೊಂಡು ಹೇಳುತ್ತಾರೆ.

ಅಷ್ಟರಲ್ಲಿ ಬಲಗೈಗೆ ನುಣ್ಣನೆಯ ಸಮುದ್ರ ಸಿಕ್ಕಿತು. ತೆರೆಸಿತಾ ತಲೆ ಓರೆ ಮಾಡಿ ಸಮುದ್ರದಿಂದ ಗುಡ್ಡದವರೆಗೆ ಒಮ್ಮೆ ಬೆರಳು ಎಳೆದರು. ತಪ್ಪು ಹೊಳೆದ ಅಮೃತಪ್ಪನವರು ಹಲಗೆ ತಿರುಗಿಸಲು ಕೈ ಚಾಚಿದರು. ಮುದುಕಿ ಕುರ್ಚಿಯ ಕೈ ಹಿಡಿದು ಮೇಲೇಳುತ್ತಿರುವುದು ಸೂಗಮ್ಮನ ಕಣ್ಣಿಗೆ ಬಿತ್ತು. ಗಪ್ಪನೆ ಗಂಡನ ಮುಂಗೈ ಹಿಡಿದರು. "ಬಿಡ್ರಿ. ಆಕೀನ ಬರ್ಲಿ" ಅಂದರು.

ತೆರೆಸಿತಾ ಬಂದರು. ಮೇಜಿನ ಅಂಚು ಹಿಡಿದು ಒಂದೊಂದೇ ಹೆಜ್ಜೆ ಇಟ್ಟು, ಸುತ್ತುಹಾಕಿ ಆಚೆ ಬದಿಗೆ ಹೋಗಿ ನಿಂತರು. ಎಡಗೈ ಚಾಚಿದರು. ಸಮುದ್ರ! ಮಗಳ ಮನೆಗೆ ಬಂದ ಮೇಲೆ ಅವರು ಮೊದಲ ಸಲ ಗಟ್ಟಿಯಾಗಿ ನಕ್ಕರು. ಚಹಾದ ತಟ್ಟೆ ಹಿಡಿದು ಬಂದ ಮರಿಸೆಲ್ ಬಾಗಿಲಲ್ಲೇ ನಿಂತುಬಿಟ್ಟರು. ತಾಯಿ ನಿಂತಿದ್ದಾಳೆ, ಗೋಪುರ ಮುಟ್ಟಿ ಹಣೆಗೆ, ಎದೆಗೆ ಕೈ ಹಚ್ಚಿಕೊಳ್ಳುತ್ತಿದ್ದಾಳೆ. ಆಮೇಲೆ ಅರ್ಧ ತಾಸು ಮುದುಕಿಯ ಬೆರಳು ಚರ್ಚಿನಿಂದ ಸಂತೆಗೆ, ಸಂತೆಯಿಂದ ತನ್ನ ಮನೆಗೆ, ಮನೆಯಿಂದ ದೋಣಿಕಟ್ಟೆಗೆ ಓಡಾಡಿತು. ಕಟ್ಟೆ ಗಿಡ್ಡವಾಯಿತು ಅಂತ ಒಂದೇ ತಕರಾರು. ಸೂಗಮ್ಮ ಅಲ್ಲೇ ಬೆಂಕಿಪೆಟ್ಟಿಗೆ ತರಿಸಿ ನಾಲ್ಕು ಕಡ್ಡಿ ಉದ್ದ ಮಾಡಿಕೊಟ್ಟರು.

ಮುದುಕಿ ಅಷ್ಟಕ್ಕೇ ಬಿಡಲಿಲ್ಲ. ವಾರ ಕಳೆಯುವುದರೊಳಗೆ ಮರಿಸೆಲ್ ಫೋನು ಮಾಡಿದರು. "ನಮ್ಮ ಊರು ಸಿಕ್ಕಿತು, ಈಗ ಈ ಊರು ಮಾಡಿಕೊಡಲಿ ಅಂತಿದ್ದಾಳೆ ನಮ್ಮಮ್ಮ. ಒಬ್ಬಳೇ ಹೊರಗೆ ಹೋಗಬೇಕಂತೆ."

ಹೀಗಾಗಿ ಸೂಗಮ್ಮ ಈಗ ವಾರಕ್ಕೆರಡು ದಿನ ಬಸ್ಸು ಹತ್ತಿ ಮಣಿಕೊಂಡಕ್ಕೆ ಹೋಗುತ್ತಾರೆ. ತೆರೆಸಿತಾರ ತೋಳು ಹಿಡಿದು ಗಲ್ಲಿಯಲ್ಲಿ ನಡೆಯುತ್ತಾರೆ. ಗೇಟಿನಿಂದ ಮೆಡಿಕಲ್ ಶಾಪಿಗೆ ತೊಂಬತ್ತಾರು ಹೆಜ್ಜೆ. ಅಲ್ಲಿಂದ ಎಳನೀರಿನ ಗಾಡಿಗೆ ನಲವತ್ತು, ನಡುವೆ ಒಂದು ಸ್ಪೀಡ್ ಬ್ರೇಕರ್. "ಆಕಿ ಹೆಜ್ಜಿ ಸಣ್ಣವು ನೋಡ್ರಿ, ಅದಕ್ಕ ಆಕಿ ಜೋಡೀನ ನಡದು ಎಣಿಸಾಕತ್ತೀನಿ. ಈ ಸಲ ಉತ್ತರ ಯಾವ ಕಡಿ ಅಂತ ಮೊದಲ ಕೇಳೀನಿ" ಎಂದು ನಗುತ್ತಾರೆ.

ಮಾಳಿಗೆಯ ಮೇಲೆ ಬಿಸಿಲು ಬಲಿಯುತ್ತಿದೆ. ತೆಲಂಗಾಣದ ಪಕ್ಕದಲ್ಲೇ ಮಣಿಕೊಂಡದ ಗಲ್ಲಿ ಹಸಿಹಸಿಯಾಗಿ ಮಲಗಿದೆ. ಮುಂದಿನ ಆಸೆ ಏನು ಎಂದು ಕೇಳಿದರೆ ಸೂಗಮ್ಮ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಗಂಭೀರವಾಗಿ ಯೋಚಿಸುತ್ತಾರೆ.

"ದೊಡ್ಡ ಆಸಿ ಏನೂ ಇಲ್ಲರಿ. ಇದು ಒಣಗಾಕ ಹನ್ನೆರಡು ದಿನ ಬೇಕು. ಅಲ್ಲೀತನಕ ಆ ರಸ್ತಾ ಯಾರೂ ಅಗೀದಿದ್ರ ಸಾಕು."