ಸಮುದ್ರದ ಒಡ್ಡು

“ಒಡ್ಡ ಒಡದೈತಿ! ಲಗೂನ ಬರ್ರಿ, ನೀರೆಲ್ಲಾ ಹೊಂಟೈತಿ!”

ನಮ್ಮತ್ತಿ ಹೀಗೆ ಕೂಗಿಕೊಂಡಾಗ ನಾನು ರತ್ನಾಗಿರಿ ಕಡೆಯ ಒಂದು ಸಮುದ್ರದ ದಂಡೆಯಲ್ಲಿ, ತೆಂಗಿನ ನೆರಳಿನಲ್ಲಿ, ಮುಂದಿನ ಊರಿನ ಬಸ್ಸಿಗೆ ಕಾಯುತ್ತಿದ್ದೆ. ಸ್ವರಾಜ್ಯ ಬಂದ ಹೊಸತು, ನನ್ನ ಮದುವೆಯೂ ಹೊಸತು. ಓಡಿ ಹೋಗಿ ನೋಡಿದರೆ, ಬೆಳಗ್ಗೆ ನಾವು ಕಾಲು ತೊಳೆದ ನೀರು ಎಲ್ಲೋ ದೂರ ಸರಿದಿತ್ತು. ದೋಣಿಗಳು ಕೆಸರಿನಲ್ಲಿ ವಾಲಿ ಕೂತಿದ್ದವು. ಬಯಲುಸೀಮೆಯ ಜತ್ತ ತಾಲೂಕಿನ ಸಂಖದವರು ನಾವು. ಕೆರೆಯ ಒಡ್ಡು ಒಡೆಯದೆ ನೀರು ಹೀಗೆ ಓಡಿಹೋಗುವುದನ್ನು ಕಂಡವರಲ್ಲ. ಜನ್ಮದಲ್ಲಿ ಮೀನು ಮುಟ್ಟದ ಅತ್ತಿ ಆಗಲೇ ಒಡ್ಡಿಗೆ ಹಾಕಲೆಂದು ಯಾರದೋ ಮೀನಿನ ಬುಟ್ಟಿಗೆ ಉಸುಕು ತುಂಬತೊಡಗಿದ್ದರು!

ಬಲೆ ಬಿಡಿಸುತ್ತಿದ್ದ ಬುಟ್ಟಿಯ ಒಡತಿ ಬಿದ್ದು ಬಿದ್ದು ನಕ್ಕಳು. ಈ ನೀರು ದಿನಾ ಹೋಗಿ ಬರುತ್ತದೆ, ಇವತ್ತು ಸಂಜೆಗೆ ತಾನೇ ಬರುತ್ತದೆ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದಳು.

“ಹ್ವಾದ ನೀರ ತಿರುಗಿ ಬರತೈತಂತ! ನೋಡೇ ಏಳ್ತೀನಿ” ಎಂದು ಅತ್ತಿ ಬಂಡೆಯ ಮೇಲೆ ಕೂತೇಬಿಟ್ಟರು. ಮಾವನವರು ಕರೆದು ಸೋತರು, ಬಸ್ಸೂ ಹೋಯಿತು. ಅಲ್ಲೇ ರೊಟ್ಟಿ ಬಿಚ್ಚಿ ಉಂಡು, ಏಡಿಗಳು ಅಡ್ಡಡ್ಡ ಓಡುವುದನ್ನೂ ಬೆಳ್ಳಕ್ಕಿಗಳು ಕೆಸರು ಕೆದಕುವುದನ್ನೂ ನೋಡುತ್ತ ಕೂತೆವು. ಹೊತ್ತು ಇಳಿಯುವಾಗ ನೀರು ಮೆಲ್ಲಗೆ ಬಂದು, ದೋಣಿಗಳನ್ನು ಎತ್ತಿ ನಿಲ್ಲಿಸಿ, ಅತ್ತಿಯ ಪಾದ ಮುಟ್ಟಿತು. ಮನೆಗೆ ಬಂದ ಹೆಣ್ಣುಮಗಳಿಗೆ ಕೊಡುವಂತೆ ಅವರು ನೀರಿಗೆ ಕುಂಕುಮ ಕೊಟ್ಟರು.

ಆಮೇಲೆ ಬೇಸಿಗೆಯಲ್ಲಿ ನಮ್ಮ ಬಾವಿಯ ತಳ ಕಂಡು ಓಣಿಯ ಹೆಂಗಸರು ಮುಖ ಬಾಡಿಸಿದರೆ, ಅತ್ತಿ ಹಗ್ಗ ಸುತ್ತಿಡುತ್ತ ನಗುತ್ತಿದ್ದರು: “ನೀರವ್ವ ತವರಮನಿಗಿ ಹೋಗ್ಯಾಳ. ಬರ್ತಾಳ ಬಿಡ್ರಿ.”